ಹೋಗ್ಲಿಬಿಡಕ್ಕ ಮತ್ತು ಮೂರನೆಯ ತೂಬು

ಹೋಗ್ಲಿಬಿಡಕ್ಕನ ಮುತ್ತಜ್ಜ ಕಲ್ಲುಕುಟಿಗ, ಊರವರ ಬಾಯಲ್ಲಿ ಮೊಂಡಪ್ಪ. ಬೆಟ್ಟದ ಕೆರೆಯಿಂದ ಇಳಿದ ಕಾಲುವೆ ಕಮರಿಯ ನೆತ್ತಿಗೆ ಬಂದು ಮುಟ್ಟುವಲ್ಲಿ ಇವತ್ತಿಗೂ ಅಲುಗದೆ ನಿಂತಿರುವ ತೂಬಿನ ಮನೆ ಅವನ ಕೈಯದು. ಕಾಲುವೆಗೆ ಮೂರು ಬಾಯಿ ಇಟ್ಟವನು ಅವನೇ. ಬಲಗಡೆಯ ದೊಡ್ಡ ಬಾಯಿಯ ನೀರು ಕಮರಿಯ ಮೂಡಣ ದಂಡೆಗೆ, ಎಡಗಡೆಯ ಅಷ್ಟೇ ದೊಡ್ಡ ಬಾಯಿಯದು ಪಡುವಣ ದಂಡೆಗೆ. ನಡುವೆ ಒಂದು ಚಿಕ್ಕ ಬಾಯಿ. ಅದರ ನೀರು ಕಮರಿಯೊಳಗೇ ಇಳಿದು, ಬಂಡೆಗಳ ಸಂದಿಯಲ್ಲಿ ತೆವಳಿಕೊಂಡು, ಕಟ್ಟಕಡೆಗೆ ಹಂಚಿನ ಕಾರ್ಖಾನೆಯ ಅಂಗಳ ಮುಟ್ಟುತ್ತಿತ್ತು. ಆ ಕೊನೆಗೆ ‘ಬಾಲ’ ಎಂದು ಹೆಸರು. ಮೂರನೆಯದೊಂದು ಯಾಕೆ, ದಂಡದ ಖರ್ಚು ಎಂದು ಆಗಿನ ಧಣಿ ಗೊಣಗಿದಾಗ ಮೊಂಡಪ್ಪ, “ಕಾರ್ಖಾನೆಯೋರು ಉಗುಳು ಹಾಕಿ ಜೇಡಿಮಣ್ಣು ಕಲಸ್ತಾರಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಉಳಿ ಎತ್ತಿಕೊಂಡನಂತೆ. ಬೆಳಿಗ್ಗೆ ಮೊದಲು ಚಿಕ್ಕ ಬಾಯಿ ತೆರೆಯಬೇಕು, ಬಾಲಕ್ಕೆ ನೀರು ಮುಟ್ಟಿದ ಮೇಲೆ ದೊಡ್ಡವೆರಡನ್ನೂ ಒಟ್ಟಿಗೆ ಎತ್ತಬೇಕು ಎಂಬ ಕಟ್ಟಳೆಯೂ ಅವನದೇ. ದೊಡ್ಡವು ಮೊದಲು ತೆರೆದರೆ ಚಿಕ್ಕದಕ್ಕೆ ಜೋರು ಉಳಿಯುವುದಿಲ್ಲ, ಇಳಿದಷ್ಟನ್ನೂ ಕಮರಿಯ ಕಲ್ಲೇ ಕುಡಿದುಬಿಡುತ್ತದೆ.

ಮೊಂಡಪ್ಪನ ಮಗ ಕಿವುಡಜ್ಜ. ಹುಟ್ಟಾ ಕಿವುಡನಲ್ಲ. ಒಂದು ಮಳೆಗಾಲ ಕೆರೆ ಉಕ್ಕಿ ತೂಬಿನ ಹಲಗೆ ಸೀಳಿದಾಗ, ತನ್ನ ಮನೆಯ ಬಾಗಿಲನ್ನೇ ಕಿತ್ತು ತಂದು ಅಡ್ಡ ಇಟ್ಟು, ಅದಕ್ಕೆ ಬೆನ್ನು ಕೊಟ್ಟು ನಿಂತ. ಊರು ಉಳಿಯಿತು, ನೀರಿನ ಅಬ್ಬರಕ್ಕೆ ಅವನ ಕಿವಿ ಹೋಯಿತು. ಆಮೇಲೆ ಜನ ಕೂಗಿದರೂ ಅವನಿಗೆ ಕೇಳದು, ಹಲಗೆಯ ಸಂದಿಯಲ್ಲಿ ಒಂದು ಹನಿ ತೊಟ್ಟಿಕ್ಕಿದರೆ ಮಾತ್ರ ಹಾಸಿಗೆಯಿಂದ ದಡಕ್ಕನೆ ಏಳುತ್ತಿದ್ದ. “ನಾನು ಗಂಟಲು ಹರ್ಕೊಂಡ್ರೂ ಕೇಳಲ್ಲ, ಆ ಹಾಳು ನೀರು ಪಿಸುಗುಟ್ಟಿದ್ರೆ ಕೇಳತ್ತೆ” ಎಂದು ಅಜ್ಜಿ ಸಾಯುವವರೆಗೂ ಹಂಗಿಸುತ್ತಿದ್ದಳು.

ಕಿವುಡಜ್ಜನ ಮಗ, ಇವಳ ಅಪ್ಪ, ಮಾತಿಲ್ಲದ ಮನುಷ್ಯ. ದೇಶದಲ್ಲಿ ಮೂಡಣದವರು ಪಡುವಣದವರು ಎಂಬ ಬಿರುಕು ಬಿಟ್ಟ ಕಾಲದಲ್ಲಿ, ‘ಅವರ ಹಲಗೇನ ಒಂಚೂರು ಇಳಿಸಯ್ಯ’ ಎಂದು ಎರಡೂ ಕಡೆಯ ಹುರಿಯಾಳುಗಳು ಬಂದು ಪೀಡಿಸಿದರು. ಅಪ್ಪ ತಲೆ ಅಲ್ಲಾಡಿಸಿದ. ಮೂಡಣದವರು ಅವನ ಬಲಗೈ ಮುರಿದರು, ಮಾರನೆಯ ವಾರ ಪಡುವಣದವರು ಎಡಗೈ ಮುರಿದರು. ಆ ಒಂದು ವಿಷಯದಲ್ಲಿ ಎರಡೂ ಕಡೆಯವರು ಸಮಪಾಲು ಮಾಡಿಕೊಂಡರು ಎಂದು ಊರು ಆಡಿಕೊಂಡಿತು. ಕೈ ಕೂಡುವವರೆಗೆ ತೂಬಿನ ಚಕ್ರ ತಿರುಗಿಸಿದವಳು ಮಗಳು. ಅವಳ ಅಣ್ಣ ಅಷ್ಟರಲ್ಲಿ ಬಡಗಿಯಾಗಿದ್ದ. “ನೀರಿಗಿಂತ ಮರ ವಾಸಿ ಕಣೇ, ಇಟ್ಟ ಕಡೆ ಇರತ್ತೆ” ಎನ್ನುತ್ತಿದ್ದ. ಹೀಗಾಗಿ ಚಕ್ರಕ್ಕೆ ಸಿಕ್ಕಿಸುವ ಕಬ್ಬಿಣದ ಹಿಡಿ, ಮುತ್ತಜ್ಜನ ಕಾಲದ್ದು, ತಿರುಗಿಸಿ ತಿರುಗಿಸಿ ಕನ್ನಡಿಯಂತಾದದ್ದು, ಅವಳ ಕೈಗೇ ಬಂತು. ಆ ಹಿಡಿ ಇಲ್ಲದೆ ಮೂರರಲ್ಲಿ ಯಾವ ಹಲಗೆಯೂ ಏಳದು, ಇಳಿಯದು.

ಇಂಥ ಮೊಂಡರ ಮನೆಯಲ್ಲಿ ಹುಟ್ಟಿದವಳಿಗೆ ಊರು ಇಟ್ಟ ಹೆಸರು ಮಾತ್ರ ಹೋಗ್ಲಿಬಿಡಕ್ಕ. ಮಾತು ಮಾತಿಗೂ ‘ಹೋಗ್ಲಿ ಬಿಡು’ ಅನ್ನುವುದು ಅವಳ ರೂಢಿ. ಹಾಲಿನವನು ನೀರು ಬೆರೆಸಿದರೆ, “ಹೋಗ್ಲಿ ಬಿಡು, ನಾವು ಬಿಟ್ಟ ನೀರೇ ತಾನೆ, ಮನೆಗೆ ವಾಪಸ್ ಬಂತು” ಎನ್ನುವಳು. ದರ್ಜಿ ಕೋಟಿನ ಒಂದು ತೋಳು ಗಿಡ್ಡ ಹೊಲಿದರೆ, “ಹೋಗ್ಲಿ ಬಿಡು, ಆ ಕೈ ಹೆಂಗೂ ಒದ್ದೇನೇ ಇರತ್ತೆ” ಎಂದು ಹಾಕಿಕೊಂಡು ಹೋಗುವಳು. ಜಗಳಗಂಟರಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಅವಳ ಮುಂದೆ ಜಗಳ ತೆಗೆದರೆ ಗೋಡೆಗೆ ಚೆಂಡು ಎಸೆದಂತಲ್ಲ, ಹತ್ತಿಮೂಟೆಗೆ ಎಸೆದಂತೆ. ವಾಪಸ್ಸೇ ಬರುತ್ತಿರಲಿಲ್ಲ.

ಆಮೇಲೆ ಗುಂಡು ಹಾರಿತು. ಕಮರಿಯ ಮೇಲಿನ ಸೇತುವೆಗೆ ಎರಡೂ ತುದಿಯಲ್ಲಿ ಮುಳ್ಳುತಂತಿ ಬಿತ್ತು. ಒಂದು ಮಧ್ಯಾಹ್ನ ಪಡುವಣದ ಫಿರಂಗಿ ಗುಂಡು ಬಡಗಿಯ ಕೊಟ್ಟಿಗೆಗೆ ಬಿದ್ದು, ಅಣ್ಣ ಉಜ್ಜುಗೊರಡು ಹಿಡಿದ ಕೈಯಲ್ಲೇ ಸತ್ತ. ಮರುವರ್ಷ ಅವಳ ಗಂಡನನ್ನು ತಮ್ಮದೇ ದಂಡೆಯ ಮೂಡಣದವರು ಹಿಡಿದುಕೊಂಡು ಹೋದರು. ಅವನು ಸೇತುವೆಗೆ ಬಣ್ಣ ಬಳಿಯುವ ಕೆಲಸದವನು. ಅವನ ತಪ್ಪೆಂದರೆ ಮಗಳನ್ನು ಪಡುವಣ ದಂಡೆಯ ಸಂಬಂಧಕ್ಕೆ ಕೊಟ್ಟದ್ದು. ಚಳಿಗಾಲ ಕಳೆದು ಬಿಟ್ಟು ಕಳಿಸುವಾಗ ಅವನ ಎದೆಯಲ್ಲಿ ಕೆಮ್ಮು ಗೂಡು ಕಟ್ಟಿತ್ತು, ಮುಂದಿನ ಚಳಿಗಾಲ ಅವನು ನೋಡಲಿಲ್ಲ. ಹೀಗೆ ಎರಡೂ ಕಡೆಯವರು ಅವಳ ಮನೆಯೊಳಗೆ ಕೈ ಹಾಕಿದ್ದರು. ಆದರೂ ಬೆಳಿಗ್ಗೆ ಎರಡೂ ಹಲಗೆಗಳು ಒಂದೇ ಎತ್ತರಕ್ಕೆ ಏಳುವುದು ತಪ್ಪಲಿಲ್ಲ. ಊರಿನಲ್ಲಿ ಗುಂಡು ಬೀಳದ ಕಟ್ಟಡವೆಂದರೆ ತೂಬಿನ ಮನೆಯೊಂದೇ. ನೀರು ಇಬ್ಬರಿಗೂ ಬೇಕಿತ್ತು, ಮತ್ತು ಅವಳ ಕೈಯನ್ನು ಬಿಟ್ಟು ಇನ್ನೊಂದು ಕೈಯನ್ನು ಇಬ್ಬರೂ ನಂಬುತ್ತಿರಲಿಲ್ಲ.

ಪಡುವಣದ ದಳಪತಿ, ಮೀಸೆಯವನು ಎಂದೇ ಎಲ್ಲರೂ ಕರೆಯುವವನು, ಬಿಳಿ ಬಟ್ಟೆ ಹಿಡಿದು ತೂಬು ತಪಾಸಣೆಗೆ ಮೊದಲ ಸಲ ಬಂದಾಗ ಅವಳು ಚಹಾ ಕೊಟ್ಟಳು. ಅಣ್ಣನ ಹೆಂಡತಿ ಬೀದಿಯಲ್ಲಿ ನಿಂತು ಬಾಯಿ ಮಾಡಿದಳು. “ಗಂಡನ್ನ ಕಳಕೊಂಡೋಳು ನಾನು, ಚಹಾ ಕುಡಿಸೋಳು ನೀನು! ಸಕ್ಕರೆನೂ ಹಾಕಿದ್ಯಾ?”

“ಹಾಕಿದೆ ಅತ್ತಿಗೆ. ಸಪ್ಪೆ ಚಹಾ ಕೊಟ್ರೆ ಅಣ್ಣ ಎದ್ದು ಬರ್ತಾನಾ? ಹೋಗ್ಲಿ ಬಿಡು.”

ಅತ್ತಿಗೆ ಅಂದಿನಿಂದ ಮಾತು ಬಿಟ್ಟಳು. ಮೀಸೆಯವನು ಕುಡಿದ ಬಟ್ಟಲನ್ನು ಹೋಗ್ಲಿಬಿಡಕ್ಕ ಅವತ್ತು ಬೂದಿ ಹಾಕಿ ಎಷ್ಟು ತಿಕ್ಕಿದಳೆಂದರೆ ಅಂಚಿನ ಬಣ್ಣದ ಗೆರೆಯೇ ಎದ್ದುಹೋಯಿತು. ಅದನ್ನು ಯಾರೂ ಕಾಣಲಿಲ್ಲ.

ಅವಳು ವಾಸವಿದ್ದ ತೂಬಿನ ಮನೆಯ ಗೋಡೆಗೆ ಯಾವ ಬಣ್ಣ ಎಂಬುದಕ್ಕೂ ಒಂದು ವರ್ಷ ಜಗ್ಗಾಟ ನಡೆಯಿತು. ಕೊನೆಗೆ ಅರ್ಧ ಮೂಡಣದ ನೀಲಿ, ಅರ್ಧ ಪಡುವಣದ ಹಳದಿ ಎಂದಾಯಿತು. ಗೆರೆ ಸರಿಯಾಗಿ ಅವಳ ಒಲೆಯ ಹಿಂದೆ ಹಾದುಹೋಗಿ, ಪಾತ್ರೆ ಒಂದು ದೇಶದಲ್ಲಿ, ಅದರ ಮುಚ್ಚಳ ಇನ್ನೊಂದು ದೇಶದಲ್ಲಿ ಇರುವ ಹಾಗಾಯಿತು. “ಗಡಿ ದಾಟೋಕೆ ನನ್ನ ಸೌಟಿಗಾದ್ರೂ ಅಪ್ಪಣೆ ಕೊಡ್ರಪ್ಪ” ಎಂದು ಅವಳು ಬಣ್ಣದವರನ್ನು ನಗಿಸಿದಳು.

ಆದರೆ ಅವಳಿಗೆ ಅಪ್ಪಣೆ ಬೇಕಾಗಿದ್ದದ್ದು ಸೌಟಿಗಲ್ಲ. ಮಗಳು ಕಮರಿಯ ಆಚೆಗಿದ್ದಳು. ಯುದ್ಧದ ನಡುವೆ ಮಗಳಿಗೆ ಒಂದು ಹೆಣ್ಣುಮಗು ಹುಟ್ಟಿತ್ತು. ಮಂಜು ಇಲ್ಲದ ಬೆಳಿಗ್ಗೆಗಳಲ್ಲಿ ಮಗಳು ಎದುರು ದಂಡೆಯ ಬಂಡೆಯ ಮೇಲೆ ಬಂದು ಮಗುವನ್ನು ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದಳು. ಕೂಗಿದರೆ ದನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಎತ್ತಿ ಹಿಡಿದ ಬಟ್ಟೆಗಂಟು ವರ್ಷ ಕಳೆದಂತೆ ಕೈಕಾಲು ಬಡಿಯುವ ಮಗುವಾಯಿತು, ಆಮೇಲೆ ಎತ್ತಲಾರದೆ ಪಕ್ಕದಲ್ಲಿ ನಿಲ್ಲಿಸಿಕೊಳ್ಳುವಷ್ಟಾಯಿತು. ಮೊಮ್ಮಗಳ ಮುಖ ಹೇಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಎಷ್ಟು ಎತ್ತರ ಎಂಬುದಷ್ಟೇ ಗೊತ್ತು.

ಗುಂಡು ನಿಂತು ಮಾತುಕತೆ ಶುರುವಾದಾಗ ಮಧ್ಯಸ್ಥನಾಗಿ ನಿಂತವನು ಅವಳ ಮೈದುನ, ಗಂಡನ ತಮ್ಮ. ನಿವೃತ್ತ ಶಾಲಾಮೇಷ್ಟ್ರು. ಒಬ್ಬನೇ ಮಗನನ್ನು ಸೇತುವೆಯ ಕಾಳಗದಲ್ಲಿ ಕಳೆದುಕೊಂಡಿದ್ದ. ಬೇರೆಯವರಾಗಿದ್ದರೆ ಸೇಡು ಕುಡಿಯುತ್ತಿದ್ದರು. ಮೇಷ್ಟ್ರು ಮಾತ್ರ ಇನ್ನೊಬ್ಬರ ಮಗ ಸಾಯಬಾರದು ಎಂದು ಮೂಡಣದ ಕಚೇರಿಗೂ ಪಡುವಣದ ಠಾಣ್ಯಕ್ಕೂ ತಿರುಗಿ ತಿರುಗಿ ಚಪ್ಪಲಿ ಸವೆಸಿದ. ಬೈಸಿಕೊಂಡ, ಕಾಯಿಸಿಕೊಂಡ, ಉಗುಳಿಸಿಕೊಂಡ. ಒಳ್ಳೆಯವನು ಎಂಬುದರಲ್ಲಿ ಎರಡು ಮಾತಿಲ್ಲ.

ಒಂದು ಮಧ್ಯಾಹ್ನ ಅವನು ತೂಬಿನ ಮನೆಗೆ ಬಂದ. ಮುಖ ಅರಳಿತ್ತು, ಕಣ್ಣು ಮಾತ್ರ ನೆಲ ನೋಡುತ್ತಿತ್ತು.

“ಅತ್ತಿಗೆ, ಆಯ್ತು. ಇಬ್ಬರೂ ಒಪ್ಪಿದ್ರು. ಮುಂದಿನ ವಾರ ಸಹಿ. ಸಹಿ ಆದ ಮಧ್ಯಾಹ್ನನೇ ಸೇತುವೆ ಬಿಡ್ತಾರೆ.”

ಅವಳು ಕೈಯಲ್ಲಿದ್ದ ಎಣ್ಣೆಬಟ್ಟೆ ಕೆಳಗಿಟ್ಟಳು. “ಎಲ್ಲರಿಗೂ?”

“ಎಲ್ಲರಿಗೂ. ನಿನ್ನ ಮಗಳು ನಡಕೊಂಡು ಬರಬಹುದು.”

ಅವಳು ಕುರ್ಚಿ ಎಲ್ಲಿದೆ ಎಂದೇ ತಿಳಿಯದೆ ಚಕ್ರದ ಕಟ್ಟೆಯ ಮೇಲೆ ಕುಳಿತಳು. “ಮತ್ಯಾಕೆ ನೆಲ ನೋಡ್ತಿದ್ದೀಯ ಮೇಷ್ಟ್ರೇ? ಪಾಠ ಮರೆತ ಹುಡುಗನ ಥರ?” ಎಂದಳು.

ಮೇಷ್ಟ್ರು ಷರತ್ತು ಬಿಚ್ಚಿಟ್ಟ. ಫಿರಂಗಿ ಗುಂಡಿಗೆ ಕೆರೆಯ ಏರಿ ಜಗ್ಗಿ, ನೀರು ಮೊದಲಿನಷ್ಟು ನಿಲ್ಲುತ್ತಿಲ್ಲ. ಇರುವುದನ್ನು ಸರಿ ಅರ್ಧ ಮಾಡಬೇಕು. ಸರಿ ಅರ್ಧ ಅಂದರೆ ಸರಿ ಅರ್ಧ. ಮೂರನೆಯ ಬಾಯಿ ಮುಚ್ಚಬೇಕು. ಅದೂ ಅವಳ ಕೈಯಿಂದ, ಇಬ್ಬರ ಕಣ್ಣೆದುರು.

“ಅಲ್ಲಿ ಜನ ಇದ್ದಾರಲ್ಲೋ.”

“ಇದ್ದಾರೆ.”

ಬಾಲದ ಹಂಚಿನ ಕಾರ್ಖಾನೆ ಯುದ್ಧದ ಮೊದಲ ವರ್ಷವೇ ನಿಂತುಹೋಗಿತ್ತು. ಅದರ ಶೆಡ್ಡುಗಳಲ್ಲಿ, ಆರಿದ ಗೂಡುಗಳಲ್ಲಿ ಬಂದು ಸೇರಿದವರು ಎರಡೂ ಕಡೆಗೆ ಬೇಡವಾದವರು. ಕೋವಿ ಬಿಸಾಕಿ ಓಡಿಬಂದ ಸಿಪಾಯಿಗಳು, ಮೂಡಣದವನನ್ನು ಕಟ್ಟಿಕೊಂಡ ಪಡುವಣದವಳು, ಅಂಥವರ ಮಕ್ಕಳು, ಅಂಥವರ ಮುದುಕರು. ಅವರಿಗೊಂದು ಬಾವುಟವಿರಲಿಲ್ಲ. ಹಾಗಾಗಿ ಮಾತುಕತೆಯ ಮೇಜಿನಲ್ಲಿ ಅವರಿಗೊಂದು ಕುರ್ಚಿಯೂ ಇರಲಿಲ್ಲ.

“ನೀನೇನೂ ಹೇಳ್ಲಿಲ್ವಾ?”

“ಹೇಳ್ದೆ. ಬಾಯಿ ನೋಯೋ ಹಾಗೆ ಹೇಳ್ದೆ. ಮೀಸೆಯೋನು, ‘ಓಡಿಹೋದ ನಾಯಿಗಳಿಗೆ ನಮ್ಮ ಪಾಲಿಂದ ಹನಿ ಕೊಡಲ್ಲ’ ಅಂದ. ನಮ್ಮ ಮೂಡಣದ ಆ ಕನ್ನಡಕದ ಅಧಿಕಾರಿ, ‘ಅವರು ಕೊಡದೆ ನಾವು ಕೊಟ್ರೆ ನಮ್ಮ ಜನ ನನ್ನ ಸುಟ್ಟುಬಿಡ್ತಾರೆ’ ಅಂದ. ಇನ್ನೊಂದು ಸಲ ಎತ್ತಿದ್ರೆ ಇಡೀ ಮಾತುಕತೆ ಮುರಿದು ಬೀಳ್ತಿತ್ತು. ಸದ್ಯಕ್ಕೆ ಮುಚ್ಚೋದು ಅತ್ತಿಗೆ. ಮುಂದೆ ನೋಡ್ಕೊಳ್ಳೋಣ.”

“ನೀರಿಗೆ ‘ಸದ್ಯಕ್ಕೆ’ ಅಂತ ಇಲ್ಲ ಕಣೋ. ಮೂರು ದಿನ ಬಾಯಿ ಒಣಗಿದ್ರೆ ಜನ ಗಂಟು ಕಟ್ತಾರೆ.”

“ಗೊತ್ತು.”

“ಅವರಿಗೂ ಗೊತ್ತಾ?”

“ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಮಾಡ್ತಿರೋದು ಯಾವುದೂ ಇಲ್ಲ.” ಮೇಷ್ಟ್ರು ಮೊದಲ ಸಲ ತಲೆ ಎತ್ತಿದ. “ನಿನ್ನ ಒಂದು ಮಾತು ಕೇಳ್ತೀನಿ. ಒಪ್ಪಂದ ಮುರಿದ್ರೆ ಮತ್ತೆ ಗುಂಡು. ಗುಂಡು ಹಾರಿದ್ರೆ ಎಷ್ಟು ಮನೆ? ನನ್ನ ಮನೆ ಥರದ್ದು ಎಷ್ಟು ಮನೆ? ಅದರ ಮುಂದೆ ಆ ಶೆಡ್ಡಿನೋರು ಬೇರೆ ಕಡೆ ಹೋಗೋದು ದೊಡ್ಡದಾ? ನೀನು ಎಂಥೆಂಥದ್ದೋ ಹೊಟ್ಟೇಲಿ ಹಾಕ್ಕೊಂಡೋಳು. ಇದೊಂದು ಹಾಕ್ಕೋ.”

ಅವಳು ಎಣ್ಣೆಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡಳು. ಆ ಪ್ರಶ್ನೆ ಸುಳ್ಳು ಪ್ರಶ್ನೆಯಾಗಿರಲಿಲ್ಲ. ಕೇಳಿದವನು ಮಗನನ್ನು ಮಣ್ಣು ಮಾಡಿ ಬಂದವನು.

ಮಾರನೆಯ ದಿನ ನೀರು ಬಿಟ್ಟಾದ ಮೇಲೆ ಅವಳು ಕಾಲುಹಾದಿ ಹಿಡಿದು ಕಮರಿಗೆ ಇಳಿದಳು. ವರ್ಷಗಟ್ಟಲೆ ಅಲ್ಲಿಗೆ ನೀರು ಕಳಿಸಿದ್ದಳೇ ಹೊರತು ಕಾಲಿಟ್ಟಿರಲಿಲ್ಲ. ಹಂಚು ಸುಡುವ ಗೂಡಿನ ಬಾಯಿಗೆ ಗೋಣಿ ಪರದೆ, ಒಳಗೆ ಮಂಚ, ಮಸಿ ಹಿಡಿದ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಮಕ್ಕಳ ಅಕ್ಷರ. ಕಾಲುವೆ ಮುಗಿಯುವಲ್ಲಿ ಮುರಿದ ಹಂಚುಗಳಿಂದ ಕಟ್ಟಿದ ತೊಟ್ಟಿ. ಅದರ ಅಂಚಿನಲ್ಲಿ ಬಟ್ಟೆ ಹಿಂಡುತ್ತಿದ್ದ ಹೆಂಗಸು ಇವಳ ಗಿಡ್ಡ ತೋಳಿನ ಕೋಟು ನೋಡಿಯೇ ಗುರುತು ಹಿಡಿದಳು.

“ನೋಡೋಕೆ ಬಂದ್ಯಾ ಅಕ್ಕ? ಮುಚ್ಚೋ ಮೊದಲು ಹೆಂಗಿದ್ರು ಅಂತ?”

“ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳ್ಲಿಲ್ಲ, ಅದೇ ತಮಾಷೆ. ಎರಡೂ ದಂಡೆ ಚಹದಂಗಡೀಲಿ ನಮ್ಮ ಸುದ್ದಿಯೇ ಅಂತೆ. ನಮ್ಮನ್ನ ಮಾತ್ರ ಯಾರೂ ಕೇಳ್ಲಿಲ್ಲ. ಮದುವೆ ಯಾರದೋ, ಮಾರೋದು ನಮ್ಮ ಮನೆ.”

ಆ ಹೆಂಗಸಿನ ಗಂಡ ಮೂಡಣದ ಸಿಪಾಯಿಯಾಗಿದ್ದವನು, ಅವಳು ಪಡುವಣದ ರೊಟ್ಟಿ ಭಟ್ಟಿಯವನ ಮಗಳು. ಬೇರೆ ಎಲ್ಲಾದರೂ ನೆಲೆ ಸಿಗಬಹುದಲ್ಲ ಎಂದು ಕೇಳಿದ್ದಕ್ಕೆ ಹೆಂಗಸು ಬಟ್ಟೆಯನ್ನು ರಪ್ಪನೆ ಕಲ್ಲಿಗೆ ಬಡಿದಳು.

“ಅವನು ಮೂಡಣಕ್ಕೆ ಹೋದ್ರೆ ಗೋಡೆಗೆ ನಿಲ್ಲಿಸ್ತಾರೆ. ನಾನು ಪಡುವಣಕ್ಕೆ ಹೋದ್ರೆ ತಲೆ ಬೋಳಿಸ್ತಾರೆ. ಮಕ್ಕಳನ್ನ ಏನ್ ಮಾಡೋಣ, ಸರಿ ಅರ್ಧ ಮಾಡಿ ಹಂಚೋಣ್ವಾ? ಒಪ್ಪಂದದಲ್ಲಿ ಹಂಗೇ ಅಲ್ವಾ ಇರೋದು?”

“ಹೋಗ್ಲಿ...” ಎಂದು ಅವಳ ನಾಲಿಗೆ ರೂಢಿಯಂತೆ ಹೊರಳಿತು.

“ಹೇಳು, ಪೂರ್ತಿ ಹೇಳು! ಹೋಗ್ಲಿ ಬಿಡು ಅನ್ನೋಕೇ ಬಂದೋಳಲ್ವಾ? ಹೇಳಿ ಮುಗಿಸು, ನಂಗೆ ಬಟ್ಟೆ ಒಣಹಾಕ್ಬೇಕು.”

ಅವಳು ನಾಲಿಗೆ ಕಚ್ಚಿಕೊಂಡಳು. ತೊಟ್ಟಿಯಲ್ಲಿ ಒಂದು ಬೊಗಸೆ ನೀರು ಕುಡಿದು ಬಂದ ದಾರಿ ಹಿಡಿದಳು.

ಏರುಹಾದಿಯಲ್ಲಿ ಉಸಿರು ಹಿಡಿಯಲು ಕುಳಿತಲ್ಲೆಲ್ಲ ಒಂದೇ ವಿಚಾರ ಅವಳನ್ನು ಕಾಡಿತು. ಇಷ್ಟು ದಿನ ತಾನು ಬಿಟ್ಟುಕೊಟ್ಟದ್ದು ಏನು? ಗಂಡನ ಕೆಮ್ಮನ್ನು ಬಿಟ್ಟುಕೊಟ್ಟಳು. ಅದನ್ನು ಪಕ್ಕದಲ್ಲಿ ಮಲಗಿ ಕೇಳಿದವಳು ತಾನು, ಬಿಡುವ ಹಕ್ಕು ತನಗಿತ್ತು ಅನ್ನೋಣ. ಮನೆಯ ಗೋಡೆ ಬಿಟ್ಟುಕೊಟ್ಟಳು, ಅದೂ ತನ್ನದೇ. ಅಣ್ಣನ ಸಾವು? ಅಲ್ಲಿ ಅವಳ ಕಾಲು ನಿಂತುಬಿಟ್ಟಿತು. ಅಣ್ಣನ ಸಾವು ಅರ್ಧ ತನ್ನದು, ಅರ್ಧ ಅತ್ತಿಗೆಯದು. ಅತ್ತಿಗೆಯನ್ನು ಕೇಳದೆ ಅವಳ ಅರ್ಧಕ್ಕೂ ಸಕ್ಕರೆ ಹಾಕಿ ಚಹಾ ಕೊಟ್ಟಿದ್ದಳು ತಾನು. ದೊಡ್ಡ ಮನಸ್ಸು, ದೊಡ್ಡ ಮನಸ್ಸು ಎಂದು ಊರು ಹೊಗಳುವಾಗ ಹಿಗ್ಗಿದ್ದೂ ಉಂಟು. ಈಗ ಬಾಲದವರ ನೀರು. ಅದರಲ್ಲಿ ತನ್ನ ಪಾಲು ಎಷ್ಟು? ಕುಡಿದುಬಂದ ಆ ಬೊಗಸೆಯಷ್ಟೂ ಇಲ್ಲ. ತಾನು ಬಿಡುವುದು ಏನೂ ಇಲ್ಲದ ಕಡೆ ‘ಬಿಡು’ ಎಂದು ಯಾರಿಗೆ ಹೇಳುವುದು?

ಮೇಲೆ ಬಂದಾಗ ಎದುರು ದಂಡೆಯ ಬಂಡೆ ಖಾಲಿಯಿತ್ತು. ಮೊಮ್ಮಗಳ ಎತ್ತರ ಕಣ್ಣಿಗೆ ಕಟ್ಟಿ, ಅವಳು ಅತ್ತುಬಿಟ್ಟಳು. ಬಾಲದವರು ಹಾಳಾಗಿ ಹೋಗಲಿ ಎಂಬ ಮಾತೂ ಆಗ ಒಂದು ಸಲ ಬಾಯಿಗೆ ಬಂತು. ಬಂದದ್ದು ಬಂತು, ಅದನ್ನು ಬಚ್ಚಿಡುವುದೇಕೆ.

ಸಹಿಯ ದಿನ ತೂಬಿನ ಮನೆಯಲ್ಲಿ ಮೇಜು ಹಾಕಿ ಬಿಳಿ ಬಟ್ಟೆ ಹಾಸಿದ್ದರು. ನೀಲಿ ಗೋಡೆಯ ಕಡೆ ಕನ್ನಡಕದ ಅಧಿಕಾರಿ, ಹಳದಿ ಗೋಡೆಯ ಕಡೆ ಮೀಸೆಯವನು, ನಡುವೆ ಗೆರೆಯ ಮೇಲೆಯೇ ಎಂಬಂತೆ ಮೇಷ್ಟ್ರು. ಕೆಳಗೆ ಸೇತುವೆಯ ಎರಡೂ ತುದಿಯಲ್ಲಿ ಜನ ಬೆಳಗಿನಿಂದ ನೆರೆದಿದ್ದರು. ಮಗಳು ಮಗುವಿಗೆ ತಲೆ ಬಾಚಿ, ಗಂಟು ಕಟ್ಟಿಕೊಂಡು ಆಚೆ ತುದಿಯಲ್ಲಿ ನಿಂತಿದ್ದಾಳೆ ಎಂದು ಕಾವಲಿನವನೊಬ್ಬ ಬಂದು ಹೇಳಿದ್ದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ, ಪಾಪ.

ಅವಳು ಕಬ್ಬಿಣದ ಹಿಡಿಯನ್ನು ಒರೆಸಿ ತಂದು, ಪೆನ್ನುಗಳ ಪಕ್ಕದಲ್ಲಿ ಮೇಜಿನ ಮೇಲೆ ಇಟ್ಟಳು.

“ನಾನು ದೊಡ್ಡವೆರಡನ್ನ ಎತ್ತುತೀನಿ. ನೀವು ಹೇಳಿದಷ್ಟೇ ಎತ್ತುತೀನಿ. ಚಿಕ್ಕದನ್ನ ಮುಚ್ಚೋಕೆ ನನ್ನ ಕೈಲಿ ಆಗಲ್ಲ.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡ. ಅಧಿಕಾರಿ ಕನ್ನಡಕ ತೆಗೆದು ಒರೆಸಿದ. “ಕೈ ನೋವಾ ಅಮ್ಮ?”

“ಕೈ ಗಟ್ಟಿ ಇದೆ ಸಾರ್. ಒಂದು ಮಾತು ಹೇಳ್ಲಾ? ನಿಮ್ಮ ಪಾಲಿನ ನೀರಲ್ಲಿ ನೀವು ಒಂದು ಬೆರಳಷ್ಟು ಬಿಡಿ, ಇವರು ಒಂದು ಬೆರಳು ಬಿಡ್ಲಿ. ಬಾಲಕ್ಕೆ ಅಷ್ಟು ಸಾಕು. ಅವರಲ್ಲಿ ಒಬ್ಬರನ್ನ ಕರೆಸಿ, ಆ ಮೂಲೇಲಿ ಒಂದು ಸ್ಟೂಲ್ ಹಾಕಿ ಕೂರಿಸಿ. ಕುರ್ಚಿನೂ ಬೇಡ.”

“ಬೆರಳಿನ ಪ್ರಶ್ನೆ ಅಲ್ಲಮ್ಮ. ಕೊಟ್ರೆ, ಓಡಿಹೋದೋರು ಮಾಡಿದ್ದು ಸರಿ ಅಂತ ನಾವೇ ಒಪ್ಪಿದ ಹಾಗೆ.”

“ನಮ್ಮದೂ ಅದೇ ಮಾತು,” ಎಂದ ಮೀಸೆಯವನು. ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಮಧ್ಯಸ್ಥನ ಹಂಗಿಲ್ಲದೆ ಒಪ್ಪಿದ ಮೊದಲ ಮಾತು ಅದು.

“ಸರಿ. ಹಂಗಾದ್ರೆ ಹಿಡಿ ಇಲ್ಲೇ ಇದೆ. ಯಾರಾದ್ರೂ ಒಬ್ರು ಮುಚ್ಚಿ. ನಾನು ಅಡ್ಡ ಬರಲ್ಲ, ಬಾಯೂ ಬಿಡಲ್ಲ.”

ಮೀಸೆಯವನು ಧಡಕ್ಕನೆ ಎದ್ದು ಹಿಡಿಗೆ ಕೈ ಹಾಕಿದ. ಎತ್ತಿದವನು ಅಧಿಕಾರಿಯ ಮುಖ ನೋಡಿದ. “ನಾಳೆ ನೀವು, ಪಡುವಣದೋರು ಮಕ್ಕಳ ನೀರು ಕಸಕೊಂಡ್ರು ಅಂತ ಡಂಗುರ ಹೊಡೆಸ್ತೀರಿ.”

“ಕಸಕೊಂಡೋರು ನೀವೇ ಆಗ್ತೀರಲ್ಲ ಆಗ.”

“ಹಂಗಾದ್ರೆ ತಗೊಳ್ಳಿ. ನೀವು ಮುಚ್ಚಿ.”

ಅಧಿಕಾರಿ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡ. ಹಿಡಿ ಮತ್ತೆ ಬಿಳಿ ಬಟ್ಟೆಯ ಮೇಲೆ ಕುಳಿತಿತು. ಇಬ್ಬರೂ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರ ಕೈ ಮೇಜಿನ ಅಂಚಿನವರೆಗೆ ಬಂತು. ಅಲ್ಲೇ ನಿಂತಿತು, ಮುಂದೆ ಬರಲಿಲ್ಲ. ಮೂರನೆಯ ಬಾಯಿಯಲ್ಲಿ ನೀರು ಬುಳುಬುಳು ಎನ್ನುವುದು ಎಲ್ಲರಿಗೂ ಕೇಳುತ್ತಿತ್ತು. ಒಬ್ಬೊಬ್ಬರಾಗಿ ಪೆನ್ನುಗಳನ್ನು ಜೇಬಿಗೆ ಹಾಕಿಕೊಂಡು ಎದ್ದರು. ಸೇತುವೆಯ ಮುಳ್ಳುತಂತಿ ಸರಿಯಲಿಲ್ಲ. ಮಗಳು ಬಿಸಿಲು ಇಳಿಯುವವರೆಗೆ ಗಂಟು ಹಿಡಿದು ಕಾದಿದ್ದು ತಿರುಗಿ ಹೋದಳಂತೆ.

ಆಮೇಲಿನ ದಿನಗಳು ಅವಳ ಪಾಲಿಗೆ ಸುಖದವಲ್ಲ. ಹಾಲಿನವನು ನೀರು ಬೆರೆಸುವುದನ್ನು ಬಿಟ್ಟ, ಹಾಲು ಹಾಕುವುದನ್ನೇ ಬಿಟ್ಟ. ಎರಡು ಬಣ್ಣದ ಗೋಡೆಯ ಮೇಲೆ ಯಾರೋ ಕರಿ ಬಣ್ಣದಲ್ಲಿ ‘ಶಾಂತಿ ನುಂಗಿದವಳು’ ಎಂದು ಬರೆದರು. ಬರೆದದ್ದು ಗೆರೆಯ ಎರಡೂ ಕಡೆ ಹಬ್ಬಿತ್ತು. ಎರಡೂ ಕಡೆಯವರು ಕೂಡಿ ಬರೆದರೋ ಏನೋ. ದೊಡ್ಡ ಗುಂಡುಗಳೇನೂ ಬೀಳಲಿಲ್ಲ, ಆದರೆ ಸೇತುವೆಯ ಕಾವಲಿನಲ್ಲಿದ್ದ ಮೂಡಣದ ಎಳೆಯ ಸಿಪಾಯಿಯೊಬ್ಬ ಯಾರದೋ ಗುರಿತಪ್ಪಿದ ಗುಂಡಿಗೆ ಸತ್ತ. ಅವನ ತಾಯಿ ತೂಬಿನ ಮನೆಯ ಬಾಗಿಲಿಗೆ ಬಂದು ನಿಂತಳು. ಕೂಗಾಡಲಿಲ್ಲ.

“ನೀನು ಚಕ್ರ ತಿರುಗಿಸಿದ್ರೆ ನನ್ನ ಮಗ ಇವತ್ತು ಮನೇಲಿರ್ತಿದ್ದ.”

“ಇರ್ತಿದ್ದ,” ಎಂದಳು ಅವಳು.

“ಅಷ್ಟೇನಾ ನೀನು ಹೇಳೋದು?”

“ಬೇರೆ ಏನು ಹೇಳಿದ್ರೂ ಸುಳ್ಳಾಗತ್ತಮ್ಮ.”

ಆ ತಾಯಿ ಬಾಗಿಲಿಗೊಮ್ಮೆ ಉಗಿದು ಹೋದಳು. ಹೋಗ್ಲಿಬಿಡಕ್ಕ ಅದನ್ನು ಒರೆಸಲಿಲ್ಲ. ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಉಳಿಯಿತು. ತಾನು ಮಾಡಿದ್ದೇ ಸರಿ ಎಂದು ಆಮೇಲೂ ಅವಳು ಯಾರ ಮುಂದೆಯೂ ಎದೆ ತಟ್ಟಿಕೊಳ್ಳಲಿಲ್ಲ. ಬೆಳಿಗ್ಗೆ ಮೂರೂ ಹಲಗೆಗಳನ್ನು ಎತ್ತುವುದು ಮಾತ್ರ ನಿಲ್ಲಿಸಲಿಲ್ಲ.

ಒಂದು ಬೆಳಿಗ್ಗೆ ಮೇಷ್ಟ್ರು ಬಂದ. ಸಹಿಯ ದಿನದಿಂದ ಅವನ ಕಾಲು ಈ ಕಡೆ ಹಾಯ್ದಿರಲಿಲ್ಲ. ಬಂದವನು ಕೂರಲೂ ಇಲ್ಲ, ಒಳಜೇಬಿನಿಂದ ಒಂದು ಚೀಟಿ ತೆಗೆದು ಚಕ್ರದ ಕಟ್ಟೆಯ ಮೇಲೆ ಇಟ್ಟ.

“ಸೇತುವೆ ದಾಟೋ ಚೀಟಿ ಇದು. ನಿನ್ನೊಬ್ಬಳಿಗೆ. ಇಬ್ಬರ ಮೊಹರೂ ಇದೆ. ಹೆಂಗೆ ತಂದೆ ಅಂತ ಕೇಳ್ಬೇಡ.”

ಅವಳ ಕೈ ತಾನಾಗಿಯೇ ಚೀಟಿಯ ಮೇಲೆ ಹೋಯಿತು. ಎರಡು ಮೊಹರು, ಒಂದು ನೀಲಿ, ಒಂದು ಹಳದಿ. “ಇವತ್ತೇ ಹೋಗಬಹುದಾ?”

“ಈಗಲೇ. ಮಗಳ ಮನೇಲಿ ಒಂದು ತಿಂಗಳು ಇದ್ದು ಬಾ. ಎರಡು ತಿಂಗಳಾದ್ರೂ ಸರಿ. ಮೊಮ್ಮಗಳ ಜೊತೆ ಆಡು. ಹಿಡಿ ನನ್ನ ಕೈಲಿ ಕೊಟ್ಟು ಹೋಗು, ಅತ್ತಿಗೆಗೆ ಹುಷಾರಿಲ್ಲ ಅಂತ ನಾನು ಹೇಳ್ತೀನಿ. ದೂರದೂರಿಂದ ಒಬ್ಬ ಬೆಸುಗೆಯೋನು ಬರ್ತಾನೆ. ಅವನು ಈ ಕಡೆಯೋನೂ ಅಲ್ಲ, ಆ ಕಡೆಯೋನೂ ಅಲ್ಲ. ಚಿಕ್ಕ ಹಲಗೆ ಇಳಿಸಿ ಅದರ ಮೇಲೆ ಕಬ್ಬಿಣದ ತಗಡು ಬೆಸೆಯೋದು, ಉಳಿದದ್ದು, ಎಲ್ಲ ಅವನು ಮಾಡ್ತಾನೆ. ನೀನು ಮುಚ್ಚಿದ ಹಾಗೂ ಆಗಲ್ಲ, ಯಾರೂ ಮುಚ್ಚಿದ ಹಾಗೂ ಆಗಲ್ಲ. ನೀನು ವಾಪಸ್ ಬರೋಷ್ಟರಲ್ಲಿ ಎಲ್ಲ ಮುಗಿದಿರತ್ತೆ.” ಅವನು ಚೀಟಿಯನ್ನು ಇನ್ನಷ್ಟು ಅವಳ ಕಡೆಗೆ ತಳ್ಳಿದ. “ನಮ್ಮಣ್ಣ ಹೋದ ಮೇಲೆ ನಾನು ನಿಂಗೆ ಅಂತ ಒಂದು ಉಪಕಾರ ಮಾಡ್ಲಿಲ್ಲ. ಇದೊಂದು ಮಾಡಗೊಡು ಅತ್ತಿಗೆ. ನಿನ್ನ ಕೈಗೆ ಏನೂ ಅಂಟಲ್ಲ.”

ಹೊರಗೆ ಮಂಜು ಕರಗಿತ್ತು. ಎದುರು ಬಂಡೆಯ ಮೇಲೆ ಇಬ್ಬರು ನಿಂತಿದ್ದರು, ಒಬ್ಬರು ಎತ್ತರ, ಒಬ್ಬರು ಗಿಡ್ಡ. ಅವಳು ಕಿಟಕಿಯಿಂದ ತುಂಬ ಹೊತ್ತು ನೋಡಿದಳು. ಆಮೇಲೆ ಚೀಟಿಯನ್ನು ಮಡಿಸಿ, ಮೈದುನನ ಕೋಟಿನ ಜೇಬಿಗೆ ತಾನೇ ಹಾಕಿ, ಜೇಬಿನ ಮೇಲೊಮ್ಮೆ ತಟ್ಟಿದಳು.

“ಬೇಡ ಕಣಪ್ಪ. ನೀನು ಪ್ರೀತಿಯಿಂದಲೇ ತಂದಿದ್ದೀಯ, ನಂಗೆ ಗೊತ್ತು. ನಿನ್ನ ಮೇಲೆ ಸಿಟ್ಟಿಲ್ಲ. ಆದ್ರೆ ಅಲ್ಲಿ ಹೋಗಿ ಮಗೂನ ಎತ್ಕೊಂಡಾಗ, ಇಲ್ಲಿ ಬೆಸುಗೆ ಹತ್ತೋದು ನಂಗೆ ಅಲ್ಲಿಗೇ ಕೇಳತ್ತೆ. ಯಾರೂ ಮುಚ್ಚಲಿಲ್ಲ ಅಂತ ನೀವೆಲ್ಲ ಅಂದ್ಕೋಬಹುದು, ನೀರು ಬರದೇ ಇರೋ ತೊಟ್ಟಿ ಹತ್ರ ಕೂತ ಆ ಹೆಂಗಸಿಗೆ ಹಂಗೆ ಹೇಳೋಕಾಗಲ್ಲ. ಮಗ ಸತ್ತ ಆ ತಾಯಿ ಬಾಗಿಲಿಗೆ ಬಂದಾಗ ನಾನು ಎದುರು ನಿಂತಿದ್ದೆ. ಬಾಲದ ಆ ಹೆಂಗಸು ಬಂದಾಗ ಹುಷಾರಿಲ್ಲ ಅಂತ ಹೇಳಿಸ್ಕೊಳ್ಳೋಕೆ ನಂಗಾಗಲ್ಲ. ಮೀಸೆಯೋನು, ಕನ್ನಡಕದೋನು, ಆ ಇಬ್ಬರ ಹತ್ರ ಮತ್ತೆ ಹೋಗು ಮೇಷ್ಟ್ರೇ, ಒಂದು ಬೆರಳು ಕೇಳು, ಮತ್ತೆ ಕೇಳು. ಅದಕ್ಕೆ ನಾನೂ ಜೊತೇಲಿ ಬರ್ತೀನಿ, ಎಷ್ಟು ಸಲ ಬೇಕಾದ್ರೂ ಬರ್ತೀನಿ. ಈ ಚೀಟೀನ ಮಾತ್ರ ತಗೊಂಡು ಹೋಗು. ನಂಗೆ ಬೇಡ.”